ಎರಡು ಸಲ ಹಾಕಿದ ಬೆಸುಗೆ

ಹಿಂದೂರಾವ್ ಲೋಹಾರನಿಗೆ ಅಸಹ್ಯವಾಗದ ವಸ್ತು ಇಡೀ ಕೊಲ್ಹಾಪುರದಲ್ಲಿ ಒಂದೂ ಇರಲಿಲ್ಲ. ಹೊಸ ಗಾಡಿ ಅಸಹ್ಯ, ಅದರ ಪ್ಲಾಸ್ಟಿಕ್ ಹೊಟ್ಟೆ ಅಸಹ್ಯ, ಮೊಬೈಲ್ ನೋಡಿಕೊಂಡು ಎಂಜಿನ್ ಬಿಚ್ಚುವವರನ್ನು ಕಂಡರಂತೂ ಮೈಯೆಲ್ಲ ಉರಿ. ಮಿಸಳ್ ತಿನ್ನಲು ಕೂತರೂ ಬೈಗುಳವೇ: "ಇದೇನು ರಸ್ಸಾನೋ, ಕಾಲ ತೊಳದ ನೀರೋ?" ಉದ್ಯಮನಗರದ ಓಣಿಯಲ್ಲಿ ನಲವತ್ತು ವರ್ಷದಿಂದ ಅವನು ಮುಟ್ಟುತ್ತಿದ್ದುದು ಹಳೇ ಇಂಗ್ಲಿಷ್ ಮೋಟರ್‌ಸೈಕಲ್ಲುಗಳನ್ನು ಮಾತ್ರ. ಅವನ್ನೂ ಬೈಯುತ್ತಲೇ ಮುಟ್ಟುತ್ತಿದ್ದ. ಆದರೆ ಕೈ ಮಾತ್ರ ಬಂಗಾರ ಎಂದು ಜನ ಸಹಿಸಿಕೊಂಡಿದ್ದರು.

ಆಯುಧಪೂಜೆಯ ಖಂಡೇನವಮಿಯ ಹಿಂದಿನ ದಿನ ಬೆಳಿಗ್ಗೆ ಇಂಗಳೆ ಮಾಸ್ತರರು ತಮ್ಮ ಗಾಡಿ ತಳ್ಳಿಕೊಂಡು ಬಂದರು. ಶಾಲೆಯಲ್ಲಿ ಕುಸ್ತಿ, ಕವಾಯತು ಕಲಿಸಿ ನಿವೃತ್ತರಾದವರು. ಹನ್ನೊಂದು ವರ್ಷ ಈ ಓಣಿಗೆ ಕಾಲಿಟ್ಟಿರಲಿಲ್ಲ.

"ಮಿಸ್ತ್ರಿ, ಪೆಟ್ರೋಲ್ ಸೋರಾಕತ್ತೈತಿ. ವರ್ಷಗಟ್ಟಲೆ ಹತ್ತ ಮಂದಿಗೆ ತೋರ್ಸಿದೆ, ಯಾರಿಗೂ ಬಗಿಹರೀಲಿಲ್ಲ. ನಾಡಿದ್ದ ಬನ್ನಿ ಹಬ್ಬಕ್ಕ ದಸರಾ ಚೌಕಕ್ಕ ಇದರ ಮ್ಯಾಲ ಹೋಗಬೇಕಂತ ಆಸೆ."

"ಹತ್ತ ಮಂದಿ ಉಂಡ ಎಲಿ ಬಳ್ಯಾಕ ನಾ ಇದ್ದೀನಲ್ಲ, ನಿಲ್ಲಸ್ರಿ ಇಲ್ಲಿ," ಎಂದ ಹಿಂದೂರಾವ್. ಗಾಡಿಯ ಕಡೆ ನೋಡಲು ಮಾತ್ರ ಅವನಿಗೆ ಮನಸ್ಸಿರಲಿಲ್ಲ.

ಓಣಿಗೆಲ್ಲ ಗೊತ್ತಿದ್ದ ಗಾಡಿ ಅದು. ಹನ್ನೊಂದು ವರ್ಷದ ಹಿಂದೆ ಇದೇ ಗ್ಯಾರೇಜಿನ ಮುಂದೆ, ಹಾಡಹಗಲಲ್ಲಿ ಹೊತ್ತಿ ಉರಿದಿತ್ತು; ಬೇಗ ಆರಿಸಿದ್ದರಿಂದ ಗಾಡಿ ಉಳಿದಿತ್ತು. ಕಿಕ್ ಹೊಡೆದವನು ಹಿಂದೂರಾವನ ತಮ್ಮ ಕೃಷ್ಣಾತ. ಈ ಹಳೇ ಗಾಡಿಗಳ ಕಾರ್ಬುರೇಟರಿನ ತಲೆಯ ಮೇಲೆ ಒಂದು ಪಿನ್ನು ಇರುತ್ತದೆ. ಬೆಳಿಗ್ಗೆ ಚಾಲೂ ಮಾಡುವ ಮೊದಲು ಅದನ್ನು ಬೆರಳಿಂದ ಒತ್ತಬೇಕು, ಬೆರಳಿಗೆ ಪೆಟ್ರೋಲು ತಾಕಿದ ಕೂಡಲೇ ಬಿಡಬೇಕು. ಹೆಚ್ಚು ಒತ್ತಿದರೆ ಪೆಟ್ರೋಲು ಉಕ್ಕಿ ಎಂಜಿನ್ನೆಲ್ಲ ತೋಯುತ್ತದೆ, ಆಮೇಲೆ ಒಂದು ಕಿಡಿ ಸಾಕು. ಕೃಷ್ಣಾತನ ಎಡಗೈ ಮೊಣಕೈವರೆಗೆ ಸುಟ್ಟಿತು. ಆ ಸುಟ್ಟ ಕೈ ಹಿಡಿದುಕೊಂಡೇ ಅವನು ಅಂದಿದ್ದ, "ಪಿನ್ನು ಒತ್ತೇ ಇಲ್ಲ ದಾದಾ, ಪೆಟ್ರೋಲ್ ತಾನಾಗೇ ಉಕ್ಕಿ ಬಂತು." ಹಿಂದೂರಾವ್ ಇಡೀ ಓಣಿಯ ಎದುರು ಉಗಿದಿದ್ದ: "ಒಂದ ಪಿನ್ನು ಒತ್ತಾಕ ಬರದ ಕೈ ಪಾನಾ ಹಿಡೀಬಾರದು. ನಡಿ ಹೊರಗ!" ತಮ್ಮ ಹೋದ. ದೂರವೇನಲ್ಲ, ರಸ್ತೆಯ ಆಚೆಗೆ. ಅಲ್ಲಿ ಕಬ್ಬಿನ ಹಾಲಿನ ಗಾಡಿ ಹಾಕಿದ. ಗಾಣಕ್ಕೆ ಕಟ್ಟಿದ ಗೆಜ್ಜೆಯ ಸದ್ದು ದಿನವೂ ಗ್ಯಾರೇಜಿಗೆ ಕೇಳುತ್ತಿತ್ತು. ಅಣ್ಣತಮ್ಮಂದಿರ ನಡುವೆ ಅಂದಿನಿಂದ ಮಾತಿಲ್ಲ.

ಹಿಂದೂರಾವನ ಹೆಂಡತಿ ಆಕ್ಕಾತಾಯಿ ಮಾತ್ರ ಪ್ರತಿ ಖಂಡೇನವಮಿಗೂ ಮೈದುನ ಬಿಟ್ಟುಹೋದ, ನಟ್ಟು ಬಿಚ್ಚುವ ಪಾನಾವನ್ನು ಪೂಜೆಯ ಮಣೆಯ ಮೇಲಿಟ್ಟು ಹೂ ಏರಿಸುತ್ತಿದ್ದಳು. "ಆ ದರಿದ್ರ ಕಬ್ಬಿಣ ತಿಪ್ಪಿಗೆ ಒಗಿ" ಎಂದು ಗಂಡ ಪ್ರತಿ ವರ್ಷ ಅನ್ನುತ್ತಿದ್ದ. ಅವಳು ಎಸೆಯಲಿಲ್ಲ, ಅವನೂ ಎಸೆಯಲಿಲ್ಲ.

ಮಾಸ್ತರರನ್ನು ಮನೆಗೆ ಕಳಿಸಿ, ಹಿಂದೂರಾವ್ ಕಾರ್ಬುರೇಟರಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಸಂದುಗೊಂದಿಗೆಲ್ಲ ಯಾರೋ ಸಾಬೂನು ತುಂಬಿದ್ದರು. ಅದರ ಕೆಳಗೆ ಇನ್ಯಾರೋ ಮೆತ್ತಿದ ಕರೀ ಅಂಟು. "ಥೂ, ಮೂಗ ಸೀನಿ ಒರಸಿದಂಗ ಮಾಡ್ಯಾರ ಹೊಲಸ ನನ್ನ ಮಕ್ಕಳು!" ಪೈಪು ಬದಲಿಸಿದ. ಮುಚ್ಚಳದ ಕೆಳಗೆ ವಾಷರ್ ಮೇಲೆ ವಾಷರ್, ಒಟ್ಟು ಮೂರು. ಓಕರಿಕೆ ಬಂದವನಂತೆ ಮುಖ ಮಾಡಿ ಮೂರನ್ನೂ ಕಿತ್ತೆಸೆದು ಹೊಸದೊಂದು ಹಾಕಿದ. ಎಲ್ಲ ತೊಳೆದು, ಜೋಡಿಸಿ, ಟಾಕಿಯ ನಳ ತಿರುಗಿಸಿದ.

ಪಿನ್ನು ಮುಟ್ಟಲಿಲ್ಲ. ಕೈ ತೊಡೆಯ ಮೇಲೇ ಇತ್ತು. ಒಂದು ನಿಮಿಷಕ್ಕೆ ಪೆಟ್ರೋಲು ತಾನಾಗೇ ಉಕ್ಕಿ ಎಂಜಿನ್ ಮೇಲೆ ಹರಿಯತೊಡಗಿತು.

ಅವನು ನಳ ಮುಚ್ಚಿದ. ಪಿನ್ನು ಒತ್ತದೆಯೂ ಇದು ಉಕ್ಕುವುದಾದರೆ, ಅವತ್ತು ಕೃಷ್ಣಾತ ಹೇಳಿದ್ದೇನು? ಹನ್ನೊಂದು ವರ್ಷ ಜೋಪಾನ ಮಾಡಿದ ಸಿಟ್ಟನ್ನು ಇನ್ನು ಯಾರ ಮೇಲೆ ಹಾಕುವುದು?

ಈಗ ಉಳಿದದ್ದು ಎರಡೇ, ಸೂಜಿ ಮತ್ತು ಫ್ಲೋಟು. ಪೆಟ್ರೋಲಿನಲ್ಲಿ ತೇಲುತ್ತ ಮೇಲೇರಿ, ಸೂಜಿ ಎತ್ತಿ ದಾರಿ ಮುಚ್ಚುವ ಹಿತ್ತಾಳೆಯ ಪುಟ್ಟ ಡಬ್ಬಿಯೇ ಫ್ಲೋಟು. ಸೂಜಿಯನ್ನು ಕೂರಿಸಿ ಪೈಪಿಗೆ ಬಾಯಿ ಹಚ್ಚಿ ಊದಿದ. ಗಾಳಿ ಹಾಯಲಿಲ್ಲ, ಸೂಜಿ ಸರಿಯಿದೆ. ಫ್ಲೋಟನ್ನು ಕಿವಿ ಹತ್ತಿರ ಅಲುಗಾಡಿಸಿದ. ಒಳಗೆ ಪೆಟ್ರೋಲಿನ ಸದ್ದಿಲ್ಲ. ಬಿಸಿನೀರಲ್ಲಿ ಅದ್ದಿದ. ಒಂದು ಗುಳ್ಳೆಯೂ ಏಳಲಿಲ್ಲ, ಅಂದರೆ ತೂತಿಲ್ಲ. "ಮತ್ತೇನ ರೋಗ ಬಂದೈತಿ ನಿನಗ?" ಎಂದು ಗದರಿಸಿ, ಕೊನೆಗೆ ಒಂದು ಬೋಗುಣಿಗೆ ಪೆಟ್ರೋಲು ಸುರಿದು ಅದನ್ನೂ, ಅದೇ ಅಳತೆಯ ಇನ್ನೊಂದು ಫ್ಲೋಟನ್ನೂ ಬಿಟ್ಟ. ಇನ್ನೊಂದು ಅರ್ಧ ಮೈ ಮೇಲಿಟ್ಟು ತೇಲಿತು. ಇದು ತಲೆಯಷ್ಟೇ ತೋರಿಸಿ ಮುಳುಗಿ ನಿಂತಿತು.

ಭಾರ. ಬರೀ ಭಾರ. ಡಬ್ಬಿ ತಕ್ಕಷ್ಟು ಮೇಲೇರುವುದಿಲ್ಲ, ಅದಕ್ಕೇ ದಾರಿ ಮುಚ್ಚುವುದಿಲ್ಲ. ತಿರುಗಿಸಿ ನೋಡಿದರೆ ತಳದಲ್ಲಿ ಸೀಸದ ಬೆಸುಗೆಯ ಗಡ್ಡೆ. "ಯಾವ ಕತ್ತೆ ಮಾಡೇತೋ ಇದನ್ನ!" ಎಂದು ಶುರು ಮಾಡಿದವನು ಅದನ್ನು ಉಗುರಿನಿಂದ ಕೆರೆದು ಬೆಳಕಿಗೆ ಹಿಡಿದ. ಒಂದರ ಮೇಲೊಂದು ಎರಡು ಪದರ, ಅಂಚಿಗೆ ಅಡ್ಡಡ್ಡ ಕಾನಸಿನ, ಅಂದರೆ ಉಜ್ಜುವ ಅರದ, ಗೀರು. ಭದ್ರವಾಗಲಿ ಎಂದು ಎರಡು ಸಲ ಬೆಸುಗೆ ಹಾಕುವವನು ಉದ್ಯಮನಗರದಲ್ಲಿ ಒಬ್ಬನೇ. ಅದನ್ನು ಹೇಳಿಕೊಂಡು ಮೀಸೆ ತಿರುವುವವನೂ ಅವನೇ.

ಬೆಂಕಿ ಬೀಳುವ ಎರಡು ದಿನ ಮೊದಲು, ತೂತಾಗಿದ್ದ ಫ್ಲೋಟಿಗೆ ತಾನೇ ಹಾಕಿದ್ದು. ಈಗ ಎಲ್ಲ ನೆನಪಾಯಿತು.

ಮಧ್ಯಾಹ್ನ ಆಕ್ಕಾತಾಯಿ ಭಾಕರಿ ತಂದಳು. ಅವನು ಗಂಟು ಬಿಚ್ಚಲೇ ಇಲ್ಲ. ಫ್ಲೋಟನ್ನು ಅಂಗೈಯಲ್ಲಿ ಮುಚ್ಚಿಕೊಂಡು ರಸ್ತೆ ದಾಟಿ, ಕಬ್ಬಿನ ಗಾಣದ ಪಕ್ಕದ ಹಲಗೆಯ ಮೇಲೆ ಇಟ್ಟ.

ಕೃಷ್ಣಾತ ಕೈ ಒರೆಸಿಕೊಂಡು ಅದನ್ನೆತ್ತಿ ಒಮ್ಮೆ ತೂಗಿದ. "ಇನ್ನೂ ಆ ಗಾಡ್ಯಾಗ ಇದ ಐತೇನು?"

"ನಿನಗ ಗೊತ್ತಿತ್ತು?"

"ಅವತ್ತ ಮುಂಜಾನೆ ಹೇಳಿದ್ದೆ, ಫ್ಲೋಟ್ ಭಾರ ಆಗೇತಿ ದಾದಾ ಅಂತ. ನೀ ಏನಂದಿ? ನನ್ನ ಬೆಸುಗಿಗೆ ಹೆಸರಿಡ್ತೀಯೇನೋ ಅಂದಿ."

"ಮತ್ತ ಹೊಳ್ಳಿ ಹೇಳ್ಬೇಕಿಲ್ಲೋ!"

"ಹೇಳೂದು ಒಮ್ಮಿ ದಾದಾ. ಎರಡೆರಡ ಸಲ ಹಾಕೋದು ನಿನ್ನ ಚಟ." ಕೃಷ್ಣಾತ ಇನ್ನೊಂದು ಕಬ್ಬನ್ನು ಗಾಣಕ್ಕೆ ಕೊಟ್ಟ. "ಅವತ್ತ ಹತ್ತ ಮಂದಿ ಮುಂದ ಉಗುಳಿದಿ. ಇವತ್ತ ಒಬ್ಬನ ಮುಂದ ಬಂದು ನಿಂತಿ."

ಹಿಂದೂರಾವ್ ಮರಳಿ ಬಂದು ಕಾನಸು ಹಿಡಿದ. ಮೇಲಿನ ಪದರವನ್ನೆಲ್ಲ ಸವರಿ ತೆಗೆದು ಫ್ಲೋಟನ್ನು ತೇಲಿಸಿ ನೋಡಿದ. ಅರ್ಧ ಮೈ ಮೇಲೆ ಬಂತು. ಜೋಡಿಸಿ ನಳ ತಿರುಗಿಸಿದರೆ ಒಂದು ಹನಿಯೂ ಸೋರಲಿಲ್ಲ. ಉದುರಿದ ಸೀಸದ ಪುಡಿಯನ್ನು ಕಾಗದದಲ್ಲಿ ಕಟ್ಟಿಟ್ಟ.

ಮರುದಿನ ಪೂಜೆಗೆ ಓಣಿಯ ಮಿಸ್ತ್ರಿಗಳೆಲ್ಲ ಬಂದರು, ಇಂಗಳೆ ಮಾಸ್ತರರೂ ಬಂದರು. ಹಿಂದೂರಾವ್ ಆ ಪೊಟ್ಟಣ ಬಿಚ್ಚಿ ಮಣೆಯ ಮೇಲೆ, ತಮ್ಮನ ಪಾನಾದ ಪಕ್ಕ ಇಟ್ಟ. ರಸ್ತೆಯಾಚೆಗೆ ಕೇಳುವಷ್ಟು ಗಟ್ಟಿಯಾಗಿ ಅಂದ: "ಮಾಸ್ತರ, ಎಲ್ಲಾರೂ ಕೇಳ್ರಿ. ಅವತ್ತ ಕೃಷ್ಣಾತ ಪಿನ್ನು ಒತ್ತಿರಲಿಲ್ಲ. ಬೆಸುಗಿ ನಂದು, ಬೆಂಕೀನೂ ನಂದ. ಅವನ ಕೈ ಸುಟ್ಟಾವ ನಾನು. ಥೂ, ಈ ನನ್ನ ಬಾಯಿಗೆ ಬೆಂಕಿ ಬೀಳಲಿಲ್ಲ."

ಆಚೆ ಗೆಜ್ಜೆ ಸದ್ದು ನಿಂತಿತು. ಕೃಷ್ಣಾತ ರಸ್ತೆ ದಾಟಿ ಬಂದ. ಆಕ್ಕಾತಾಯಿ ಕಣ್ಣೊರೆಸಿಕೊಂಡಳು, ಹಿಂದೂರಾವ್ ಬೆಂಚಿನ ಮೇಲೆ ಸರಿದು ಜಾಗ ಮಾಡಿದ. ಕೃಷ್ಣಾತ ಕೂರಲಿಲ್ಲ. ಅತ್ತಿಗೆಯ ಕಾಲು ಮುಟ್ಟಿ ನಮಸ್ಕರಿಸಿ, ಪಾನಾದ ಮೇಲಿನ ಹೂವನ್ನು ಮೆಲ್ಲಗೆ ಪಕ್ಕಕ್ಕಿಟ್ಟು ಅದನ್ನೆತ್ತಿಕೊಂಡ. ವರ್ಷವರ್ಷದ ಹೂವಿನ ನೀರಿಗೆ ಅದು ತುಕ್ಕು ಹಿಡಿದಿತ್ತು.

"ಇದನ್ನ ಒಯ್ಯಾಕ ಕಾದಿದ್ದೆ ದಾದಾ," ಅಂದ. "ಬರ್ತೀನಿ."

ಸ್ವಲ್ಪ ಹೊತ್ತಿಗೆ ಆಚೆ ಮತ್ತೆ ಗೆಜ್ಜೆ ಸದ್ದು ಶುರುವಾಯಿತು. ಬೆಂಚಿನ ಮೇಲೆ ಮಾಡಿದ ಜಾಗ ಹಾಗೇ ಇತ್ತು.