ಬಲ್ಲವರಿಲ್ಲ ಎಂಬುದಕ್ಕೆ ಸಾಕ್ಷಿ

ಆಗ ನಾನು ವಾಡಿಯ ಕಡೆ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಟೈಪಿಸ್ಟ್. ಹೊಸ ಭಟ್ಟಿ ಕೂಡಿಸಲು ಬಂದಿದ್ದ ಜರ್ಮನ್ ಎಂಜಿನಿಯರನ ವೀಸಾ ಮುಗಿಯುತ್ತ ಬಂದಿತ್ತು, ಭಟ್ಟಿ ಮಾತ್ರ ಇನ್ನೂ ಹದಕ್ಕೆ ಬಂದಿರಲಿಲ್ಲ. ‘ಈ ಕೆಲಸ ಬಲ್ಲವರು ಇಲ್ಲಿ ಯಾರೂ ಇಲ್ಲ’ ಎಂದು ವೀಸಾ ಮುಂದುವರಿಸಲು ಅರ್ಜಿ ಟೈಪ್ ಮಾಡಿ ಕಳಿಸಿದೆವು. ಅದು ಖರೆಯೋ ಸುಳ್ಳೋ ನೋಡಲು ಪೊಲೀಸ್ ಜಮಾದಾರರೊಬ್ಬರು ಸೈಕಲ್ ಮೇಲೆ ಬಂದರು.

ಅವರನ್ನು ಭಟ್ಟಿಯ ಹತ್ತಿರ ಕರೆದೊಯ್ದೆ. ನಮ್ಮ ಫಿಟ್ಟರ್ ರಸೂಲಸಾಬ ನಟ್ಟು ಬಿಗಿಯುವ ಪಾನಾದ ಒಂದು ತುದಿ ಬೇರಿಂಗಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚಿ ದೋಷ ಹುಡುಕುತ್ತಿದ್ದ. ಜರ್ಮನ್ ಸಾಹೇಬ ಪಕ್ಕದಲ್ಲಿ ಬ್ಯಾಟರಿ ಬೆಳಕು ಹಿಡಿದು ನಿಂತಿದ್ದ.

“ಸಾಹೇಬ್ರು ನಿನಗ ಕಲಿಸ್ಲಾಕತ್ತಾರೇನು?” ಜಮಾದಾರರು ಕೇಳಿದರು.

“ಇಲ್ರಿ, ನಾನೇ ಕಲಿಸ್ಲಾಕತ್ತೀನಿ,” ಎಂದ ರಸೂಲಸಾಬ. “ಪೂರಾ ಕಲಿಯೋತನಕ ಅವರಿಗಿ ಕಳಸಬ್ಯಾಡ್ರಿ.”

“ಸರ್ಟಿಫಿಕೇಟ್ ಅದ ಏನು ನಿನ್ ಬಲ್ಲಿ?”

“ಇಲ್ರಿ.”

“ಮತ್ತ ನಿನಗ ಗೊತ್ತಿಲ್ಲ ಬಿಡು.”

ಜಮಾದಾರರು ಪರ್ಸಿಕಲ್ಲಿನ ಚಪ್ಪಡಿ ಮೇಲೆ ಕುಂತು ಪಂಚನಾಮೆ ಬರೆದರು. ಸಾಕ್ಷಿಯ ಸಹಿ ಹಾಕಲು ನಾನು ಕೈ ಚಾಚಿದೆ. ಅವರು ಪೆನ್ನು ಹಿಂದಕ್ಕೆಳೆದುಕೊಂಡರು.

“ಕಂಡಕಂಡವರ ಸಹಿ ನಡಿಯಂಗಿಲ್ರಿ. ಬಲ್ಲಾಂವೇ ಸಾಕ್ಷಿ ಹೇಳಬೇಕು.”

ರಸೂಲಸಾಬ ಕೈ ಒರೆಸಿಕೊಂಡು ಉರ್ದುವಿನಲ್ಲಿ ಸಹಿ ಹಾಕಿದ. ಶುದ್ಧ ಪ್ರತಿ ನಾನೇ ಟೈಪ್ ಮಾಡಿದೆ: ‘ಈ ಕೆಲಸ ಬಲ್ಲವರು ಇಲ್ಲಿ ಯಾರೂ ಇಲ್ಲ. ಸಾಕ್ಷಿ: ಈ ಕೆಲಸ ಬಲ್ಲ ರಸೂಲಸಾಬ.’

ಕಾಗದ ಎಷ್ಟೋ ಟೇಬಲ್ ದಾಟಿ ಹೋಯಿತು, ವೀಸಾ ಬಂತು. ಕಳಿಸುವ ಮುಂಚೆ ನಾನೂ ಎರಡು ಸಲ ಓದಿ ನೋಡಿದ್ದೆ. ಒಂದೂ ತಪ್ಪಿರಲಿಲ್ಲ.