ನಮ್ಮ ಅತ್ತೆಯ ‘ಒಂಚೂರು’

ನಾನು ದೂರು ಹೇಳುವವಳು. ಹೋಟೆಲಿನಲ್ಲಿ ಕಾಫಿ ಆರಿದ್ದರೆ ವಾಪಸ್ ಕಳಿಸುತ್ತೇನೆ. ಬಸ್ಸಿನಲ್ಲಿ ಸೀಟು ಮುರಿದಿದ್ದರೆ ಕಂಡಕ್ಟರನ್ನು ಕರೆದು ತೋರಿಸುತ್ತೇನೆ. ನನ್ನ ತವರು ಸಂತೇಬೆನ್ನೂರು. ಅಲ್ಲಿನ ಸಂತೆಯಲ್ಲಿ ಬದನೆಕಾಯಿಗೆ ಹತ್ತು ಹುಳುಕು ಹೇಳದೆ ಯಾರೂ ಚೀಲಕ್ಕೆ ಹಾಕಿಕೊಳ್ಳುವುದಿಲ್ಲ. ಅಂಥವಳನ್ನು ಹನ್ನೊಂದು ವರ್ಷದ ಹಿಂದೆ ಜಗಳೂರಿನ ಈ ಮನೆಗೆ ಕೊಟ್ಟರು.

ಊರಿನ ಹೆಸರಲ್ಲಿ ಜಗಳವಿದ್ದರೂ ಈ ಮನೆಯಲ್ಲಿ ಅದರ ಸುಳಿವಿಲ್ಲ. ಬಂದ ಹೊಸದರಲ್ಲಿ ನಾನು ಉಪ್ಪು ಮರೆತು ಸಾರು ಮಾಡಿದ್ದೆ. ಅತ್ತೆ, ಗಂಡ ಇಬ್ಬರೂ ಎರಡೆರಡು ಸಲ ಹಾಕಿಸಿಕೊಂಡು ಉಂಡು ಎದ್ದರು. ಕೊನೆಗೆ ನಾನು ಉಣ್ಣಲು ಕೂತಾಗಲೇ ಗೊತ್ತಾಗಿದ್ದು. ಯಾಕೆ ಹೇಳಲಿಲ್ಲ ಎಂದರೆ, ಅದರಲ್ಲೇನು ಹೇಳುವುದು ಎಂದು ನನ್ನನ್ನೇ ಕೇಳಿದರು.

ಅತ್ತೆಯ ಬಾಯಲ್ಲಿ ಎಲ್ಲದಕ್ಕೂ ಒಂದೇ ಅಳತೆ: ಒಂಚೂರು. ಜ್ವರ ಬಂದು ಏಳಲಾರದೆ ಮಲಗಿದರೆ ಒಂಚೂರು ಮೈ ಬೆಚ್ಚಗಿರುತ್ತದೆ. ಕುರಿ ದೊಡ್ಡಿಯ ತಗಡು ಹಾರಿ ಪಕ್ಕದ ಹೊಲಕ್ಕೆ ಬಿದ್ದ ದಿನವೂ ಒಂಚೂರು ಗಾಳಿ ಎದ್ದಿತ್ತು, ಅಷ್ಟೇ.

ಹೋದ ವರ್ಷದ ಮಾತು. ನಾನು ಸೊಕ್ಕೆಯ ಶಾಲೆಯಲ್ಲಿ ಟೀಚರ್ ಕೆಲಸ ಮಾಡುತ್ತೇನೆ. ಬೆಳಗಿನ ಬಸ್ಸು ಹಿಡಿಯಬೇಕಾದ್ದರಿಂದ ಪಲ್ಯ ನನ್ನದು, ಜೋಳದ ರೊಟ್ಟಿ ಅತ್ತೆಯದು ಎಂದು ಮೊದಲಿಂದಲೂ ನಡೆದುಬಂದಿದೆ. ಅವರ ರೊಟ್ಟಿ ಕಾಗದದಷ್ಟು ತೆಳ್ಳಗಿರುತ್ತಿತ್ತು. ಒಂದು ಸೋಮವಾರ ಡಬ್ಬಿ ತೆಗೆದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಿದ ರೊಟ್ಟಿ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದೆ. ನಾಳೆ ಸರಿ ಮಾಡುತ್ತೇನೆ ಎಂದರು. ಮಂಗಳವಾರ, ಬುಧವಾರ ರೊಟ್ಟಿ ಎಂದಿನಂತೆ ತೆಳ್ಳಗಿದ್ದವು. ಹೇಳಿದ್ದಕ್ಕೇ ಸರಿಹೋಯಿತು, ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂದು ಗಂಡನ ಮುಂದೆ ಬೀಗಿದೆ.

ಗುರುವಾರ ಬೆಳಗ್ಗೆ ಅತ್ತೆ ನೀರಿನ ಕೊಡವನ್ನು ಮೊಣಕೈಯಲ್ಲಿ ತಬ್ಬಿ ಎತ್ತುತ್ತಿದ್ದುದನ್ನು ಕಂಡೆ. ಬಲಗೈಗೆ ಸೆರಗು ಸುತ್ತಿಕೊಂಡಿದ್ದರು. ಬಿಚ್ಚಿ ನೋಡಿದರೆ ಮಣಿಕಟ್ಟು ಬಾತು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಅವತ್ತು ರಜೆ ಹಾಕಿ ಅವರನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಭಾನುವಾರ ಸಂಜೆ ಬಚ್ಚಲಲ್ಲಿ ಜಾರಿದ್ದರಂತೆ. ಡಾಕ್ಟರು ನೋವು ಎಷ್ಟಿದೆ ಎಂದು ಕೇಳಿದರು.

“ಒಂಚೂರು ಐತ್ರಿ.”

ಡಾಕ್ಟರು ಮುಲಾಮು ಬರೆಯಲು ಪೆನ್ನು ತೆಗೆದರು. ನಾನು ತಡೆದು, ಇವರ ಒಂಚೂರನ್ನು ನಂಬಬೇಡಿ ಸರ್, ಮೊದಲು ಎಕ್ಸ್‌ರೇ ತೆಗೆಸಿ ಎಂದೆ. ಮೂಳೆ ಮುರಿದಿತ್ತು. ಬಿದ್ದ ದಿನವೇ ಬಂದು ಕೈ ಅಲ್ಲಾಡಿಸದೆ ಇದ್ದಿದ್ದರೆ ನೆಟ್ಟಗೆ ಕೂಡುತ್ತಿತ್ತು, ಮುರಿದ ಮೇಲೂ ಕೆಲಸ ಮಾಡಿ ಮೂಳೆ ಸರಿದುಬಿಟ್ಟಿದೆ, ಕೈ ಸ್ವಲ್ಪ ಸೊಟ್ಟಗೇ ಉಳಿಯಬಹುದು ಎಂದರು.

ಪಟ್ಟಿ ಹಾಕುವ ಕೋಣೆಯ ಹೊರಗೆ ಅತ್ತೆಯ ಜೊತೆ ಬೆಂಚಿನ ಮೇಲೆ ಕೂತಾಗ ನನಗೆ ಲೆಕ್ಕ ತಾಳೆಯಾಗಲಿಲ್ಲ. ಭಾನುವಾರ ಬಿದ್ದವರು ಮಂಗಳವಾರ ಅಷ್ಟು ತೆಳ್ಳಗೆ ರೊಟ್ಟಿ ಬಡಿದದ್ದು ಹೇಗೆ ಎಂದು ಕೇಳಿದೆ.

“ಸೋಮವಾರ ಎಡಗೈಲಿ ಬಡಿದಿದ್ದೆ,” ಎಂದರು. “ನೀನು ದಪ್ಪ ಅಂದ್ಯಲ್ಲವ್ವ, ಮಂಗಳವಾರದಿಂದ ಬಲಗೈಲೇ ಬಡಿದೆ.”

ಆಕ್ಷೇಪಣೆಯ ದನಿಯಲ್ಲ. ಬಸ್ಸು ಎಷ್ಟೊತ್ತಿಗೆ ಎಂದು ಹೇಳುವ ದನಿ. ನನಗೆ ನಾಚಿಕೆಯಾಯಿತು, ಬಾಯಿ ಬಿಟ್ಟು ಹೇಳದ ಅವರ ಮೇಲೆ ಸಿಟ್ಟೂ ಬಂತು. ಆ ಸಿಟ್ಟನ್ನು ಗಂಡನಿಗೆ ಫೋನು ಮಾಡಿ ತೀರಿಸಿಕೊಂಡೆ. ಕೈ ಬಾತಿದ್ದನ್ನು ಅವರು ಮೊದಲೇ ನೋಡಿದ್ದರಂತೆ. ಅವ್ವ ಏನೂ ಅನ್ನಲಿಲ್ಲವಲ್ಲ, ಅದಕ್ಕೆ ಕೇಳಲಿಲ್ಲವಂತೆ.

ಅಂದಿನಿಂದ ರೊಟ್ಟಿ ನನ್ನದಾಯಿತು. ಅತ್ತೆ ಒಲೆಯ ಪಕ್ಕ ಸ್ಟೂಲಿನ ಮೇಲೆ ಕೂರುತ್ತಿದ್ದರು. ಸೀದದ್ದು, ಹರಿದದ್ದು, ಹಸಿಯಾಗಿ ಉಳಿದದ್ದು, ಹಾಕಿದ್ದನ್ನೆಲ್ಲ ತಿನ್ನುತ್ತಿದ್ದರು. ಹೇಗಿದೆ ಎಂದು ಕೇಳಿದರೆ ಚಲೋ ಐತೆ ಎನ್ನುತ್ತಿದ್ದರು. ಪಟ್ಟಿ ಬಿಚ್ಚಿದ ಮೇಲೆ ಡಾಕ್ಟರು ಹೇಳಿದಂತೆಯೇ ಆಯಿತು. ಮಣಿಕಟ್ಟು ಒಂದು ಕಡೆಗೆ ವಾಲಿತ್ತು, ರೊಟ್ಟಿ ಬಡಿಯಲು ಬಾರದಾಯಿತು.

ಅದಾಗಿ ಎರಡು ವಾರಕ್ಕೆ, ಒಂದು ಬೆಳಗ್ಗೆ, ಅರ್ಧ ರೊಟ್ಟಿ ತಿಂದು ತಟ್ಟೆ ಕೆಳಗಿಟ್ಟರು.

“ಒಂಚೂರು ದಪ್ಪ ಆಗ್ಯಾವವ್ವ.”

ನಾನು ಈ ಮನೆಗೆ ಬಂದ ಮೇಲೆ ಅವರು ಹೇಳಿದ ಮೊದಲ ದೂರು. ಅವರ ಅಳತೆಯಲ್ಲಿ ಒಂಚೂರು ದಪ್ಪ ಎಂದರೆ ನಾಯಿಯೂ ಮೂಸದ ರೊಟ್ಟಿ ಎಂದು ನನಗೆ ಗೊತ್ತು. ಹೆಂಗೆ ಬಡಿಬೇಕು, ತೋರಿಸ್ರಿ ಎಂದೆ. ಸೊಟ್ಟಗಾದ ಬಲಗೈಯನ್ನು ಎತ್ತಿ, ಗಾಳಿಯಲ್ಲೇ ಬಡಿದು ತೋರಿಸಿದರು. ನಾನು ಉಳಿದ ಹಿಟ್ಟಿಗೆ ನೀರು ಮುಟ್ಟಿಸಿ ಮತ್ತೆ ನಾದಿದೆ.