ಹಾಯಿಗೆ ಹಚ್ಚಿದ ಕೆಂಪು ತೇಪೆ

ಆಗಿನ್ನೂ ಭಾಲ್ಕಿಗೆ ರೈಲು ಬಂದಿರಲಿಲ್ಲ. ನಿಜಾಮರ ಸೀಮೆ ದಾಟಿ ಮುಂಬೈ ನೋಡಬೇಕೆಂದರೆ ಬಂಡಿ ಕಟ್ಟಿಕೊಂಡು ಲಾತೂರಿಗೆ ಹೋಗಬೇಕು, ಅಲ್ಲಿಂದ ಆಟಿಕೆಯಂಥ ಸಣ್ಣ ರೈಲು, ಮುಂದೆ ಕುರ್ಡುವಾಡಿಯಲ್ಲಿ ದೊಡ್ಡ ರೈಲು. ಹೋಗಿ ಬಂದವರ ಮನೆಗೆ ಓಣಿಯೆಲ್ಲ ಬಂದು ಕೂತು ಕಥೆ ಕೇಳುತ್ತಿತ್ತು. ನನ್ನ ಮುಂಬೈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಅದರಲ್ಲಿ ಕಣ್ಣಾರೆ ಕಂಡದ್ದು ಯಾವುದು, ಹೇಳುತ್ತ ಹೇಳುತ್ತ ಸೇರಿಕೊಂಡದ್ದು ಯಾವುದು ಎಂದು ಈಗ ನನಗೇ ಅನುಮಾನ.

ಸಮುದ್ರ ನೋಡುವ ಹಟ ಆಯಿಯದು, ನನ್ನ ತಂದೆಯ ತಾಯಿಯದು. ಔರಾದ ಕಡೆಯ ಡಾಬಕಾದಲ್ಲಿ ಹುಟ್ಟಿದವಳು. ಬಾವಿ ಮತ್ತು ಮಾಂಜ್ರಾ ಹೊಳೆ ಬಿಟ್ಟರೆ ಬೇರೆ ನೀರು ಕಂಡವಳಲ್ಲ. ಅವಳ ಕಿರಿಮಗ, ನನ್ನ ಕಾಕಾನದು ಭಾಲ್ಕಿಯಲ್ಲಿ ಬಟ್ಟೆ ಅಂಗಡಿ. ಮಾಲು ತರಲು ಅವನು ಮುಂಬೈಗೆ ಹೊರಟಾಗಲೆಲ್ಲ ಆಯಿಯ ರಾಗ ಶುರುವಾಗುತ್ತಿತ್ತು.

"ಒಮ್ಮೆ ಆ ಸಮುದ್ರ ತೋರಸ್ತಿಯೇನಲೇ ಶಿವ್ಯಾ?"

"ತೋರಸ್ತೇನಿ ಯವ್ವಾ. ಖರೆ ನೀ ಹಾದ್ಯಾಗ ಯಾರ ಮನೀದೂ ಉಣ್ಣಾಕಿ ಅಲ್ಲ."

"ನನ್ನ ರೊಟ್ಟಿ ನಾ ಕಟ್ಕೋತೇನಿ. ನೀ ಸಮುದ್ರಷ್ಟ ತೋರಸು."

ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ ಗಂಟಿಗೆ ಸೇರಿದವು. ಆಯಿಯ ಜೊತೆಗೆ, ಆಗಿನ್ನೂ ಪುಟ್ಟ ಹುಡುಗಿಯಾಗಿದ್ದ ನಾನೂ ಸೇರಿದೆ.

ಮುಂಬೈಯಲ್ಲಿ ಇಳಿದದ್ದು ಒಂದು ಧರ್ಮಶಾಲೆಯಲ್ಲಿ. ಬೆಳಿಗ್ಗೆ ಬಂದರಕ್ಕೆ ಹೊರಡುವಾಗ ಕಾಕಾ ಆಯಿಯ ಕೊರಳು ನೋಡಿ ನಿಂತ. ಅಲ್ಲಿ ಅವಳ ಬೆಳ್ಳಿ ಕರಡಿಗೆ ಇತ್ತು, ಅದರೊಳಗೆ ಅವಳ ಇಷ್ಟಲಿಂಗ.

"ಯವ್ವಾ, ಬೆಳ್ಳಿ ತೆಗದಿಡು. ಇಲ್ಲಿ ಕೊರಳಾಗಿಂದು ಕತ್ತರಿಸಿದ್ರೂ ಗೊತ್ತಾಗಂಗಿಲ್ಲಂತ."

"ಬೆಳ್ಳಿ ತೆಗದಿಡಬಹುದು. ಲಿಂಗ ತೆಗದಿಡಾಕ ಬರ್ತದೇನು?"

ಕೊನೆಗೆ ಲಿಂಗವನ್ನು ಬಿಳಿ ವಸ್ತ್ರದಲ್ಲಿ ಗಂಟು ಹಾಕಿ ಕೊರಳಿಗೆ ಕಟ್ಟಿಕೊಂಡಳು. ಬೆಳ್ಳಿಯ ಕರಡಿಗೆ ಟ್ರಂಕಿಗೆ ಹೋಯಿತು, ಬೀಗ ಬಿತ್ತು. ಧರ್ಮಶಾಲೆಯ ನಳದ ಬಳಿ ನೂಕುನುಗ್ಗಲು. ಅಲ್ಲಿ ಪೂಜೆಗೆ ಮನಸ್ಸು ನಿಲ್ಲುವುದಿಲ್ಲ, ಸಮುದ್ರದ ದಂಡೆಯಲ್ಲೇ ಮಾಡಿಕೊಂಡು ಉಣ್ಣುತ್ತೇನೆ ಎಂದಳು. ಲಿಂಗಪೂಜೆ ಆಗದೆ ಅವಳು ಹನಿ ನೀರನ್ನೂ ಬಾಯಿಗೆ ಹಾಕುತ್ತಿರಲಿಲ್ಲ.

ಬಂದರದ ವಾಸನೆ ಮಾತ್ರ ಖಾತ್ರಿ: ಡಾಂಬರು, ಒಣಮೀನು, ತೊಯ್ದ ಹಗ್ಗ. ಮನೆಗಿಂತ ಎತ್ತರದ ಹಡಗುಗಳು ಕೋಣದ ಹಾಗೆ ಕೂಗುತ್ತಿದ್ದವು. ಖರ್ಜೂರದ ಬುಟ್ಟಿ ಹೊತ್ತವರು, ಉದ್ದ ನಿಲುವಂಗಿಯ ಅರಬರು, ಬೈದಾಡುತ್ತ ಓಡುವ ಹಮಾಲರು. ಬಿಗಿದು ಕಟ್ಟಿದ ಹತ್ತಿಯ ಅಂಡಿಗೆಗಳು ಗೋಡೆಯಂತೆ ನಿಂತಿದ್ದವು. ಆಯಿ ಒಂದಕ್ಕೆ ಬೆರಳು ತೂರಿಸಿ ಎಳೆ ಕಿತ್ತು ನೋಡಿದಳು.

"ನಮ್ಮ ಕಡೀದೇ. ನಮಗಿಂತ ಮೊದಲ ಬಂದು ಕೂತದ ನೋಡು."

ಹಡಗುಗಳ ಸುತ್ತ ಕರೆದೊಯ್ದು ತೋರಿಸುವ ಹಾಯಿದೋಣಿ ಹತ್ತಿದೆವು. ಅಲೆಯ ನೀರು ಮೈಮೇಲೆ ಹಾರುತ್ತಿತ್ತು. ಆಯಿ ಹಾಯಿಕಂಬ ತಬ್ಬಿ ಕೂತವಳು, ನಡುವೆ ಅಂಚಿಗೆ ಬಾಗಿ ವಾಂತಿ ಮಾಡಿಕೊಂಡಳು. ಆದರೂ ಬಾಯಿ ಸುಮ್ಮನಿರಲಿಲ್ಲ: "ಇಷ್ಟು ನೀರು ಇಟ್ಕೊಂಡು ಒಂದು ಬೊಗಸಿ ಕುಡ್ಯಾಕ ಬರಂಗಿಲ್ಲಂದ್ರ ಏನ ದೊಡ್ಡಸ್ತಿಕಿ ಇದರದ್ದು!"

ದಂಡೆಗೆ ಬಂದು ಅಂಡಿಗೆಗಳ ನೆರಳಲ್ಲಿ ಕೂತೆವು. ಕಾಕಾ ಬುತ್ತಿ ಬಿಚ್ಚಿದ. ಆಯಿ ಕೈ ತೊಳೆದು ಎದೆಗೆ ಕೈ ಹಚ್ಚಿದಳು. ಕೈ ಅಲ್ಲೇ ನಿಂತಿತು. ಸೆರಗು ಕೊಡವಿದಳು, ಕುಬಸದೊಳಗೆ ನೋಡಿದಳು. ವಸ್ತ್ರವಿರಲಿಲ್ಲ.

ಅವಳು ಅಳಲಿಲ್ಲ, ಕೂಗಲಿಲ್ಲ. ರೊಟ್ಟಿಯ ಗಂಟನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು. "ನೀವು ಉಣ್ರಿ."

"ನೀ, ಆಯಿ?"

"ನಂದು ಮುಗೀತು, ಕೂಸು."

ಲಿಂಗ ಕಳೆದುಕೊಂಡವರು ಅನ್ನ ನೀರು ಬಿಟ್ಟು ಪ್ರಾಣವನ್ನೇ ಬಿಟ್ಟ ಸಂಗತಿಗಳನ್ನು ನಾನು ಅವಳ ಬಾಯಿಂದಲೇ ಕೇಳಿದ್ದೆ. ಕಾಕಾ ನೀರಿನ ತಂಬಿಗೆ ಅವಳ ಮುಂದೆ ಹಿಡಿದ. "ಊರಿಗಿ ಹೋಗಿ ಮಠದ ಅಪ್ಪಗೋಳ ಕಡಿಂದ ಬ್ಯಾರೆ ಕಟ್ಟಿಸ್ಕೊಳ್ಳೂಣು ಯವ್ವಾ, ಅಲ್ಲಿತನಕ ಬರೇ ನೀರರ..." ಎಂದ. ಅವಳು ತಂಬಿಗೆಯನ್ನೂ ನನ್ನ ಕಡೆಗೇ ಸರಿಸಿದಳು.

"ಬಾಗಿದಾಗ ಸಮುದ್ರಕ್ಕ ಬಿದ್ದದ," ಎಂದು ಕಾಕಾ ತಲೆ ಹಿಡಿದು ಕೂತ. "ಬೆಳ್ಳಿ ಉಳಸಾಕ ಹೋಗಿ ನಾನ ಕಳದೆ."

"ದೋಣ್ಯಾಗ ಬಿದ್ದಿರಬಹುದಲ್ಲ ಕಾಕಾ?"

"ಯಾವ ದೋಣಿ ಅಂತ ಹುಡುಕೂದವ್ವಾ? ಎಲ್ಲಾ ಒಂದೇ ನಮೂನಿ ಅವ."

ನಿಜ. ನೀರಿನ ತುಂಬ ಅಂಥವೇ ಹಾಯಿಗಳು. ಆದರೆ ನಾನು ಹೇಳಿದೆ: "ನಮ್ಮ ದೋಣೀ ಹಾಯಿಗಿ ಕೆಂಪು ತ್ಯಾಪಿ ಇತ್ತು. ಆಯಿ ಸೀರಿ ಸೆರಗಿನಂಥಾದ್ದು."

ಆಯಿ ಮೊದಲ ಸಲ ತಲೆಯೆತ್ತಿದಳು. "ಖರೇನ?"

"ಖರೇ."

ಅವಳು ನೀರಿನ ಕಡೆ ತಿರುಗಿ ಕೂತಳು. ನನ್ನ ಆ ಒಂದು ಮಾತಿನ ಮೇಲೆ ಕೂತಳು. ಬಿಸಿಲು ಏರಿತು, ನೆರಳು ಕಾಲಡಿಗೆ ಸರಿಯಿತು, ಅವಳ ತುಟಿಗಳು ಒಣಗಿದವು. ನಾನೂ ಉಣ್ಣಲಿಲ್ಲ. ಕೆಂಪು ಕಂಡಿತೆಂದು ಒಮ್ಮೆ ಕಾಕಾ ಎದ್ದು ಓಡಿದ. ಅದು ಯಾರೋ ಒಣಗಹಾಕಿದ ಅಂಗಿ. ತೇಪೆ ನಿಜವಾಗಿಯೂ ಇತ್ತೇ? ಆಯಿ ಉಣ್ಣಲೆಂಬ ಆಸೆಗೆ ನಾನೇ ಹೊಲಿದು ಹಚ್ಚಿದೆನೇ?

ಆಮೇಲೆ ಒಂದು ದೊಡ್ಡ ಹಡಗಿನ ಹಿಂದಿನಿಂದ ಅದು ಬಂತು. ಹಾಯಿಯ ಮೂಲೆಯಲ್ಲಿ ಕೆಂಪು ತೇಪೆ. ಕಂಬದ ಮೇಲೆ, ಕೈಗೆಟುಕದ ಎತ್ತರದಲ್ಲಿ, ಪುಟ್ಟ ಬಿಳಿ ಗಂಟು.

ಬೀದರ ಸೀಮೆಯವಳಾದ ಆಯಿಗೆ ದಖನಿ ಮಾತು ಸರಾಗ. ಆ ಗಂಟು ನನ್ನದೆಂದು ಗಂಟಲು ಹರಿಯುವಂತೆ ಕೂಗಿದಳು: "ಅರೇ ಬಾಬಾ, ವೋ ಗಂಠಡೀ ಮೇರಾ!"

ಅಂಬಿಗ ಗಡ್ಡದ ಮುಸಲ್ಮಾನ. ನಗುತ್ತ ಬಿಚ್ಚಿ ತಂದ. "ತಾವೀಜ್ ಸಮಝಾ, ಮಾಯಿ. ಕಿಸೀಕಾ ಪಾಂವ್ ನ ಲಗೇ, ಊಪರ್ ಬಾಂಧಾ." ಯಾರದೋ ತಾಯಿತ ಎಂದುಕೊಂಡಿದ್ದ, ಯಾರ ಕಾಲೂ ತಾಗದಿರಲೆಂದು ಮೇಲೆ ಕಟ್ಟಿದ್ದ.

ಆಯಿ ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. ಆಗ ಅತ್ತಳು. ತಂಬಿಗೆಯ ನೀರಲ್ಲಿ ಲಿಂಗ ತೊಳೆದು, ಅಂಗೈಯಲ್ಲಿಟ್ಟು, ಹಮಾಲರ ಗದ್ದಲದ ನಡುವೆ ಅವಳು ಪೂಜೆ ಮಾಡಿಕೊಂಡಳು. ಮೊದಲ ರೊಟ್ಟಿ ಅಂಬಿಗನಿಗೆ. ಅವನು ಕಚ್ಚಿ ನೋಡಿ, "ಯೇ ರೋಟೀ ಹೈ ಯಾ ಫತ್ತರ್?" ಎಂದ. ರೊಟ್ಟಿಯನ್ನು ಕಲ್ಲೆಂದವನಿಗೆ ಆಯಿ ಕಣ್ಣೊರೆಸಿಕೊಳ್ಳುತ್ತ ಹಿಂಡಿ ಹಚ್ಚಿಕೊಟ್ಟಳು. ಆಮೇಲೆ ತಾನು ಉಂಡಳು. ರೊಟ್ಟಿ ಮುರಿಯುವ ಆ ಚಟಚಟ ಸದ್ದಿನಷ್ಟು ಹಿತವಾದ ಸದ್ದನ್ನು ನಾನು ಮತ್ತೆ ಕೇಳಿಲ್ಲ.

ಆಯಿ ಮಣ್ಣಾದಾಗ ಲಿಂಗವೂ ಅವಳ ಅಂಗೈಯಲ್ಲೇ ಹೋಯಿತು. ಬೆಳ್ಳಿಯ ಕರಡಿಗೆ ನನ್ನ ಬಳಿ ಖಾಲಿ ಇದೆ. ಕಾಕಾ ತನ್ನ ಮುಪ್ಪಿನಲ್ಲಿ, "ತ್ಯಾಪಿ ನೀಲಿ ಇತ್ತವ್ವಾ, ಕೆಂಪಲ್ಲ," ಎನ್ನುತ್ತಿದ್ದ. ಇಷ್ಟೆಲ್ಲ ಓದಿ, ಎಲ್ಲವನ್ನೂ ಅನುಮಾನಿಸುವುದು ಕಲಿತ ಮೇಲೆ ನಾನು ಆಣೆ ಮಾಡಿ ಅಲ್ಲಗಳೆಯಲಾರೆ. ಈಗ ಒಂದು ಬಣ್ಣದ ಹೆಸರು ಬರೆಯುವ ಮುಂಚೆಯೂ ಕೈ ತಡೆಯುತ್ತದೆ. ಆದರೆ ಆ ಹೊತ್ತು ನಾನು ಖರೇ ಅಂದೆ. ಅಷ್ಟಕ್ಕೇ ಒಂದು ಹಸಿದ ಜೀವ ಬಿಸಿಲಲ್ಲಿ ಕಾದು ಕೂತಿತು. ನನ್ನ ಮಾತು ನಂಬಿ ಹಾಗೆ ಕೂರುವವರು ಈಗ ನನಗೆ ಯಾರೂ ಇಲ್ಲ.

ದೋಣಿ ಮಾತ್ರ ಬಂತು. ಅದು ಖಾತ್ರಿ.